ಥೆರಪಿಯೂ ಇರಲಿ, ಸಾಧನೆಯೂ ಇರಲಿ: ಎರಡನ್ನೂ ಜೊತೆಗೆ ನಡೆಸುವುದು ಹೇಗೆ?

ಹತ್ತು ದಿನದ ಧ್ಯಾನ ಶಿಬಿರ ಮುಗಿಸಿ ಬಂದವರಿಗೆ ಒಂದೆರಡು ವಾರ ಮನಸ್ಸು ತಿಳಿಯಾಗಿರುತ್ತದೆ. ಆಮೇಲೆ ಮನೆಯಲ್ಲಿ ಯಾರೋ ಒಂದು ಮಾತು ಅನ್ನುತ್ತಾರೆ. ಅದೇ ಹಳೇ ಸಿಟ್ಟು, ಅದೇ ಗಂಟಲು ಕಟ್ಟುವುದು, ರಾತ್ರಿಯೆಲ್ಲ ಅದೇ ಹೊರಳಾಟ. ಇಷ್ಟು ಧ್ಯಾನ ಮಾಡಿಯೂ ನಾನು ಬದಲಾಗಲಿಲ್ಲವಲ್ಲ ಅನ್ನುವ ಬೇಸರ ಬೇರೆ. ಇನ್ನು ಕೆಲವರು ಥೆರಪಿಗೆ, ಅಂದರೆ ಮಾತಿನ ಚಿಕಿತ್ಸೆಗೆ, ಹೋಗಿ ಸುಧಾರಿಸಿಕೊಂಡಿರುತ್ತಾರೆ. ನಿದ್ದೆ ಬರುತ್ತಿದೆ, ಆಫೀಸಿನ ಕೆಲಸ ಸಾಗುತ್ತಿದೆ. ಆದರೂ 'ಬದುಕು ಅಂದರೆ ಇಷ್ಟೇನಾ' ಅನ್ನುವ ಪ್ರಶ್ನೆ ಬಿಡುವುದಿಲ್ಲ.

ಈ ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ನಾನು ನಂಬಿರುವುದು ಇಷ್ಟು: ಮನಸ್ಸಿನ ಗಾಯಕ್ಕೆ ಥೆರಪಿಯ ಆರೈಕೆ ಬೇಕು, ಆಳದ ಪ್ರಶ್ನೆಗೆ ಜಪ, ಧ್ಯಾನದಂಥ ಸಾಧನೆ ಬೇಕು. ಒಂದರ ಕೆಲಸವನ್ನು ಇನ್ನೊಂದರ ತಲೆಗೆ ಕಟ್ಟಿದಾಗ ಎರಡೂ ಕೆಡುತ್ತವೆ.

ನಮ್ಮಲ್ಲಿ ಈ ಯೋಚನೆ ಹೊಸದೇನಲ್ಲ. ಇವತ್ತಿನ ನಿಮ್ಹಾನ್ಸ್ ರೂಪುಗೊಂಡಿದ್ದು 1974ರಲ್ಲಿ. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಇತ್ತು. ಅದರ ನಿರ್ದೇಶಕರೂ ಆಗಿದ್ದ ಡಾ. ಎನ್. ಸಿ. ಸೂರ್ಯ 1964ರಲ್ಲೇ ಸಹೋದ್ಯೋಗಿಯೊಬ್ಬರ ಜೊತೆ ಇದರ ಬಗ್ಗೆ ಬರೆದಿದ್ದರು. ಪಶ್ಚಿಮದ ಥೆರಪಿಯನ್ನು ಹಾಗೇ ತಂದು ಭಾರತೀಯರ ಮೇಲೆ ಹಾಕಿದರೆ ಸರಿಹೋಗುವುದಿಲ್ಲ, ಇಲ್ಲಿನ ಕುಟುಂಬ ಮತ್ತು ಇಲ್ಲಿನವರ ನಿರೀಕ್ಷೆ ಬೇರೆ ಅನ್ನುವುದು ಅವರ ವಾದ. ಮುಂದೆ ಅವರು ಪಾಂಡಿಚೇರಿಯ ಅರವಿಂದಾಶ್ರಮದಲ್ಲಿ ನೆಲೆಸಿದರು. 1973ರಲ್ಲಿ ಡಾ. ಜೆ. ಎಸ್. ನೇಕಿ ಎಂಬ ಮನೋವೈದ್ಯರು, ಗುರು-ಶಿಷ್ಯ ಸಂಬಂಧವೇ ಥೆರಪಿಗೆ ಮಾದರಿ ಆಗಬಹುದಲ್ಲವೇ ಎಂದು ಕೇಳಿದರು. ಹಾಗಾಗಿ ಥೆರಪಿಸ್ಟ್ ಎದುರು ದೇವರ ಮಾತು ಎತ್ತಲು, ಅಥವಾ ಗುರುಗಳ ಎದುರು ಥೆರಪಿಯ ಮಾತು ಎತ್ತಲು ಸಂಕೋಚ ಬೇಡ.

ಮೊದಲು ಕೇಳಿಕೊಳ್ಳಿ: ನನಗೆ ಬೇಕಿರುವುದು ಏನು?

ಒಂದು ಹಾಳೆ ತೆಗೆದುಕೊಳ್ಳಿ. 'ಏನಾದರೆ ನನಗೆ ಸಮಾಧಾನ?' ಎಂದು ಮೇಲೆ ಬರೆದು, ಕೆಳಗೆ ತೋಚಿದ್ದನ್ನೆಲ್ಲ ಬರೆಯಿರಿ. ಚಂದ ಮಾಡಿ ಬರೆಯಬೇಡಿ. ಬರೆದದ್ದನ್ನು ಮಾರನೇ ದಿನ ಓದಿ.

'ರಾತ್ರಿ ನಿದ್ದೆ ಬರಬೇಕು', 'ಅಪ್ಪನ ಫೋನ್ ಬಂದರೆ ಎದೆ ಹೊಡೆದುಕೊಳ್ಳಬಾರದು', 'ಗಂಡನ ಜೊತೆ ಮಾತಾಡಲು ಆಗಬೇಕು' ಎಂಬಂಥವು ಜಾಸ್ತಿ ಇದ್ದರೆ ಥೆರಪಿಯಿಂದ ಶುರು ಮಾಡಿ. 'ಸಾಯುವ ಮೊದಲು ನಾನು ಯಾರು ಅಂತ ತಿಳಿಯಬೇಕು', 'ಪೂಜೆ ಮಾಡುತ್ತೇನೆ, ಆದರೆ ಒಳಗೆ ಏನೂ ತಟ್ಟುತ್ತಿಲ್ಲ' ಎಂಬಂಥವು ಜಾಸ್ತಿ ಇದ್ದರೆ ಸಾಧನೆಯ ಕಡೆ ಹೆಚ್ಚು ಸಮಯ ಕೊಡಿ. ಎರಡೂ ಬೆರೆತಿದ್ದರೆ, ಬಹಳ ಜನರಲ್ಲಿ ಬೆರೆತೇ ಇರುತ್ತದೆ, ಮೊದಲು ನಿದ್ದೆ, ಊಟ, ಕೆಲಸ, ಸಂಬಂಧ ಒಂದು ಹದಕ್ಕೆ ಬರಲಿ. ಸಾಧನೆ ಅಲ್ಲಿಯವರೆಗೆ ಸಣ್ಣದಾಗಿ ನಡೆಯುತ್ತಿರಲಿ.

ಇದರ ಜೊತೆಗೆ ಒಮ್ಮೆ ನಿಮ್ಮ ಮಾಮೂಲಿ ಡಾಕ್ಟರ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇದ್ದರೂ ಸುಸ್ತು, ಬೇಜಾರು, ಆತಂಕ ಬರುತ್ತವೆ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ತುಂಬಾ ಸಾಮಾನ್ಯ. ವೈರಾಗ್ಯ ಬಂದಿದೆ ಅಂದುಕೊಂಡಿದ್ದು ಮಾತ್ರೆಯಲ್ಲಿ ಸರಿಹೋಗುವ ಸುಸ್ತೂ ಆಗಿರಬಹುದು.

ಯಾರ ಬಳಿ ಹೋಗುವುದು?

ಇಲ್ಲಿ ಜನಕ್ಕೆ ಗೊಂದಲ ಜಾಸ್ತಿ. ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದ ವೈದ್ಯರು. ಔಷಧಿ ಬರೆದು ಕೊಡುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆಯಲ್ಲೂ ಮಾನಸಿಕ ಪರೀಕ್ಷೆಗಳಲ್ಲೂ ತರಬೇತಿ ಪಡೆದವರು. ಅವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಕೇಳುವುದು ತಪ್ಪಲ್ಲ. ಕೌನ್ಸೆಲರ್ ಎಂಬ ಬೋರ್ಡನ್ನು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳಬಹುದು ಅನ್ನುವ ಸ್ಥಿತಿ ಇದೆ. ಬಹಳ ಒಳ್ಳೆಯ ಕೌನ್ಸೆಲರ್‌ಗಳು ಇದ್ದಾರೆ, ಎರಡು ದಿನದ ಕೋರ್ಸ್ ಮಾಡಿ ಕೂತವರೂ ಇದ್ದಾರೆ. ಎಲ್ಲಿ ಓದಿದ್ದು, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ನಿಮ್ಮ ಕೆಲಸವನ್ನು ಹಿರಿಯರು ಯಾರಾದರೂ ನೋಡಿ ತಿದ್ದುತ್ತಾರಾ ಎಂದು ನೇರವಾಗಿ ಕೇಳಿ. ಸರಿಯಾಗಿ ಉತ್ತರ ಕೊಡುವವರನ್ನು ಆರಿಸಿಕೊಳ್ಳಿ.

ದುಡ್ಡು ಕಷ್ಟ ಅನ್ನುವವರು ಸರ್ಕಾರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ದೇಶದಲ್ಲೆಲ್ಲ ಈಗ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆಗಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಡೆದ ಪ್ರಯೋಗ. ಹೋಗಿ ಬರುವುದೇ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕನ್ನಡದ ವಿಷಯಕ್ಕೆ ಒಂದು ಮಾತು. ಆಫೀಸಿನಲ್ಲಿ ಇಂಗ್ಲಿಷ್ ಸಲೀಸಾಗಿ ಬರುತ್ತದೆ ಅಂತ ಥೆರಪಿಯನ್ನೂ ಇಂಗ್ಲಿಷಿನಲ್ಲಿ ಮಾಡಬೇಕಾಗಿಲ್ಲ. ಚಿಕ್ಕಂದಿನಲ್ಲಿ ಬೈಸಿಕೊಂಡಿದ್ದು ಯಾವ ಭಾಷೆಯಲ್ಲಿ? ಅಜ್ಜಿ ಸಮಾಧಾನ ಮಾಡಿದ್ದು ಯಾವ ಭಾಷೆಯಲ್ಲಿ? ಆ ಭಾಷೆಯಲ್ಲಿ ಮಾತಾಡಿದಾಗ ಅಳು ಬೇಗ ಬರುತ್ತದೆ, ಮರೆತಿದ್ದು ನೆನಪಾಗುತ್ತದೆ. ಬರ್ಲಿನ್‌ನಲ್ಲೋ ಡಲ್ಲಾಸ್‌ನಲ್ಲೋ ಇರುವ ಕನ್ನಡಿಗರೂ ಆನ್‌ಲೈನಿನಲ್ಲಿ ಕನ್ನಡದ ಥೆರಪಿಸ್ಟ್ ಹುಡುಕಿಕೊಳ್ಳಬಹುದು. ಆದರೆ ತುರ್ತು ಸಂದರ್ಭಕ್ಕೆ ಮತ್ತು ಔಷಧಿಗೆ ತಾವಿರುವ ಊರಿನ ವೈದ್ಯರೊಬ್ಬರ ಪರಿಚಯ ಇರಲೇಬೇಕು.

ಮೊದಲ ಸೆಷನ್‌ನಲ್ಲಿ ಏನು ಹೇಳುವುದು?

ಸಾಮಾನ್ಯವಾಗಿ ಒಂದು ಸೆಷನ್ 45ರಿಂದ 60 ನಿಮಿಷ, ವಾರಕ್ಕೊಮ್ಮೆ. ಮೊದಲ ದಿನವೇ ಎಲ್ಲ ಬಿಚ್ಚಿಡಬೇಕಿಲ್ಲ. ಆದರೆ ಸಾಧನೆಯ ವಿಷಯವನ್ನು ಮುಚ್ಚಿಡಬೇಡಿ. ಹೀಗೆ ಹೇಳಬಹುದು: 'ನಾನು ದಿನಾ ಬೆಳಿಗ್ಗೆ ಅರ್ಧ ಗಂಟೆ ಜಪ ಮಾಡುತ್ತೇನೆ. ಅದು ನನಗೆ ಮುಖ್ಯ. ಅದನ್ನು ಬಿಡಬೇಕೆಂದಿಲ್ಲ. ಆದರೆ ಕೆಲವು ಸಲ ಕಷ್ಟದ ವಿಷಯದಿಂದ ತಪ್ಪಿಸಿಕೊಳ್ಳಲು ಅದನ್ನೇ ಬಳಸುತ್ತೇನಾ ಅಂತ ಅನುಮಾನ ಇದೆ.' ಜಪದ ಜಾಗದಲ್ಲಿ ನಮಾಜ್, ಇಷ್ಟಲಿಂಗ ಪೂಜೆ, ಪ್ರಾರ್ಥನೆ, ವಿಪಸ್ಸನ ಏನೇ ಇರಲಿ, ಹೇಳುವ ಕ್ರಮ ಇದೇ.

ಎದುರಿಗೆ ಕೂತವರು ಇದನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಗಮನಿಸಿ. ನಗಬಾರದು, ಮೂಢನಂಬಿಕೆ ಎಂದು ತಳ್ಳಬಾರದು. ತಮ್ಮ ಗುರುಗಳ ಹೆಸರು ಹೇಳಿ ಅಲ್ಲಿಗೆ ಹೋಗಿ ಅನ್ನಲೂಬಾರದು. ಕುತೂಹಲದಿಂದ ಇನ್ನೂ ಎರಡು ಪ್ರಶ್ನೆ ಕೇಳಿದರೆ ಅವರು ನಿಮಗೆ ಹೊಂದುವ ಸಾಧ್ಯತೆ ಇದೆ. ಮೂರು ನಾಲ್ಕು ಸೆಷನ್ ಕಳೆದರೂ ನಂಬಿಕೆ ಕೂರದಿದ್ದರೆ ಬೇರೆಯವರನ್ನು ನೋಡಿ.

ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ಅವರ ಕರ್ತವ್ಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನು ರೋಗಿಯ ಹಕ್ಕು ಎಂದೇ ಹೇಳುತ್ತದೆ. ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಆದೇಶ ಇದ್ದಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ ಉಂಟು. ಯಾವಾಗ, ಯಾರಿಗೆ ಹೇಳುತ್ತೀರಿ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ದಿನಕ್ಕೆ ಹತ್ತು ನಿಮಿಷದ ಅಭ್ಯಾಸ

ಥೆರಪಿಗೂ ಸಾಧನೆಗೂ ಸಮಾನವಾಗಿ ಬೇಕಾದದ್ದು ತನ್ನನ್ನು ತಾನು ಗಮನಿಸಿಕೊಳ್ಳುವ ಅಭ್ಯಾಸ. ಹಾಲು ಉಕ್ಕುವ ಮೊದಲು ಪಾತ್ರೆಯ ಅಂಚಿನಲ್ಲಿ ನೊರೆ ಏಳುತ್ತದಲ್ಲ, ಸಿಟ್ಟು, ಹೆದರಿಕೆ, ನಾಚಿಕೆಗೂ ಮೈಯಲ್ಲಿ ಹಾಗೆ ಮುನ್ಸೂಚನೆ ಇರುತ್ತದೆ. ಕೆಲವರಿಗೆ ದವಡೆ ಬಿಗಿಯುತ್ತದೆ, ಕೆಲವರಿಗೆ ಹೊಟ್ಟೆ ಕಿವುಚುತ್ತದೆ, ಕೆಲವರಿಗೆ ಅಂಗೈ ತಣ್ಣಗಾಗುತ್ತದೆ.

ರಾತ್ರಿ ಮಲಗುವ ಮೊದಲು ಕೂತು, ಆ ದಿನ ಮನಸ್ಸು ಕದಡಿದ ಒಂದೇ ಒಂದು ಘಟನೆ ಆರಿಸಿ. ಏನಾಯಿತು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಆಗ ಮೈಯಲ್ಲಿ ಎಲ್ಲಿ ಏನಾಯಿತು? ತಲೆಯಲ್ಲಿ ಓಡಿದ ಮಾತು ಯಾವುದು? ಅದು ಯಾರ ದನಿಯಂತಿತ್ತು? ಆ ಹೊತ್ತಿಗೆ ನೀವು ಏನು ಮಾಡಿದಿರಿ? ನಿಜಕ್ಕೂ ಏನು ಬೇಕಿತ್ತು? ಈ ಕೊನೆಯ ಪ್ರಶ್ನೆಗೆ ಉತ್ತರ ಮೊದಮೊದಲು ಸಿಗುವುದಿಲ್ಲ. ಪರವಾಗಿಲ್ಲ, ಜಾಗ ಖಾಲಿ ಬಿಡಿ.

ಒಂದು ಉದಾಹರಣೆ ಕೊಡುತ್ತೇನೆ. 'ಮ್ಯಾನೇಜರ್ ಎಲ್ಲರ ಮುಂದೆ ನನ್ನ ತಪ್ಪು ತೋರಿಸಿದರು. ಕಿವಿ ಬಿಸಿಯಾಯಿತು. "ನಿನ್ನ ಕೈಲಿ ಏನೂ ಆಗಲ್ಲ" ಅನ್ನುವ ಮಾತು ಬಂತು. ದನಿ ಅಣ್ಣನದು. ನಕ್ಕು ಸುಮ್ಮನಾದೆ. ಮನೆಗೆ ಬಂದು ಮಗಳ ಮೇಲೆ ರೇಗಿದೆ.' ಇಂಥ ಏಳೆಂಟು ಪುಟ ಕೂಡಿದ ಮೇಲೆ ಥೆರಪಿಸ್ಟ್‌ಗೆ ತೋರಿಸಿ. ತಿಂಗಳುಗಟ್ಟಲೆ ಹಿಡಿಯುವ ಮಾತು ಬೇಗ ಮೇಲೆ ಬರಬಹುದು.

ಹೀಗೆ ಬರೆಯುವಾಗ ತೀರ್ಪು ಕೊಡಬೇಡಿ. 'ಇಷ್ಟು ವರ್ಷದ ಸಾಧನೆ ಆದಮೇಲೂ ಸಿಟ್ಟು ಬರಬಾರದಿತ್ತು' ಎಂದು ಬರೆದರೆ ಅದೂ ತಲೆಯಲ್ಲಿ ಓಡಿದ ಒಂದು ಮಾತು ಅಷ್ಟೇ. ಅದು ಯಾರ ದನಿ ಎಂದು ಅದಕ್ಕೂ ಕೇಳಿ.

ಸಾಧನೆಯ ಹಿಂದೆ ಅಡಗಿಕೊಳ್ಳುತ್ತಿದ್ದೇವಾ?

ಈ ಭಾಗವನ್ನು ನಿಧಾನಕ್ಕೆ ಓದಿ ಎಂದು ಕೇಳಿಕೊಳ್ಳುತ್ತೇನೆ. ಜಾನ್ ವೆಲ್‌ವುಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಬೌದ್ಧ ಸಾಧಕರೂ ಆಗಿದ್ದವರು. ತಮ್ಮ ಸುತ್ತಲಿನ ಸಾಧಕರಲ್ಲಿ ಒಂದು ವಿಷಯ ಕಂಡರು. ಹಳೇ ನೋವು, ಮುಗಿಯದ ಜಗಳ, ಬೆಳೆಯುವಾಗ ಸಿಗದೇ ಹೋದ ಪ್ರೀತಿ, ಇವನ್ನು ಎದುರಿಸುವ ಬದಲು ಅಧ್ಯಾತ್ಮದ ದಾರಿ ಹಿಡಿದು ಸುತ್ತುಬಳಸಿ ದಾಟಿಹೋಗುವುದು. 1984ರಲ್ಲಿ ಅದಕ್ಕೆ 'ಸ್ಪಿರಿಚುಯಲ್ ಬೈಪಾಸಿಂಗ್' ಎಂದು ಹೆಸರಿಟ್ಟರು.

ನಮ್ಮಲ್ಲಿ ಇದಕ್ಕೆ ಬೇಕಾದ ಮಾತುಗಳು ಬೇಕಾದಷ್ಟಿವೆ. 'ಎಲ್ಲ ಅವರವರ ಕರ್ಮ.' 'ನಾನು ಸಾಕ್ಷಿ ಮಾತ್ರ.' 'ನನಗೆ ಯಾರ ಮೇಲೂ ಸಿಟ್ಟಿಲ್ಲ.' 'ಸಂಸಾರ ಅಂದಮೇಲೆ ಇದ್ದದ್ದೇ, ತಾಳ್ಮೆ ಇರಬೇಕು.' ಈ ಮಾತುಗಳು ಸುಳ್ಳಲ್ಲ. ಬದುಕನ್ನು ಪೂರ್ತಿ ಅನುಭವಿಸಿ, ಅತ್ತು, ಜಗಳವಾಡಿ, ಆಮೇಲೆ ಹೇಳುವವರ ಬಾಯಲ್ಲಿ ಅವಕ್ಕೆ ತೂಕ ಇದೆ. ನೋವು ತಟ್ಟುವ ಮೊದಲೇ ಬಾಯಿಗೆ ಬಂದರೆ ಅನುಮಾನಿಸಬೇಕು.

ಹೇಗೆ ಪರೀಕ್ಷಿಸುವುದು? ನೀವು 'ಕ್ಷಮಿಸಿಬಿಟ್ಟೆ' ಅಂದುಕೊಂಡಿರುವ ಒಬ್ಬರನ್ನು ನೆನೆಸಿಕೊಳ್ಳಿ. ಅವರು ಮಾಡಿದ್ದೇನು ಎಂದು ಒಂದು ವಾಕ್ಯದಲ್ಲಿ, 'ಪಾಪ ಅವರ ಪರಿಸ್ಥಿತಿ' ಎಂದು ಸೇರಿಸದೆ ಹೇಳಿ ನೋಡಿ. 'ಅಮ್ಮ ನನ್ನನ್ನು ಅಜ್ಜಿ ಮನೆಯಲ್ಲಿ ಬಿಟ್ಟು ತಮ್ಮನನ್ನು ಮಾತ್ರ ಜೊತೆಗಿಟ್ಟುಕೊಂಡರು. ನನಗೆ ತುಂಬಾ ನೋವಾಯಿತು.' ಇಷ್ಟು ಹೇಳಲು ಆದರೆ ಕ್ಷಮೆಗೆ ದಾರಿ ಇದೆ. ಬಾಯಿ ಕಟ್ಟಿದರೆ, ತಕ್ಷಣ ಅವರ ಪರ ವಾದಿಸಲು ಶುರು ಮಾಡಿದರೆ, ಅದನ್ನು ಥೆರಪಿಗೆ ತೆಗೆದುಕೊಂಡು ಹೋಗಿ. ಕಳಿಸದೇ ಇಟ್ಟುಕೊಳ್ಳುವ ಪತ್ರ ಬರೆಯುವುದೂ ಒಳ್ಳೆಯದು. ಅದರಲ್ಲಿ ಬೈಗುಳ ಇದ್ದರೂ ಇರಲಿ.

ಇನ್ನೊಂದನ್ನು ಖಡಾಖಂಡಿತವಾಗಿ ಹೇಳಬೇಕು. ಮನೆಯಲ್ಲಿ ಹೊಡೆತ, ಬೆದರಿಕೆ ನಡೆಯುತ್ತಿರುವಾಗ ಅದನ್ನು ಸಹಿಸುವುದು ಸಾಧನೆ ಅಲ್ಲ. ಹಾಗೆ ಹೇಳಿಕೊಡುವ ಗುರು, ಹಿರಿಯರು, ನೆಂಟರು ಯಾರೇ ಆಗಲಿ, ಆ ಮಾತನ್ನು ಬದಿಗಿಡಿ. ಮಹಿಳಾ ಸಹಾಯವಾಣಿ 181. ತುರ್ತಾದರೆ 112. ಮೊದಲು ಸುರಕ್ಷಿತ ಜಾಗ, ಆಮೇಲೆ ಉಳಿದದ್ದು.

ಇದರ ಉಲ್ಟಾ ತಪ್ಪೂ ನಡೆಯುತ್ತದೆ. ವರ್ಷಗಟ್ಟಲೆ ತನ್ನ ಬಾಲ್ಯವನ್ನೇ ಕೆದಕುತ್ತಾ ಕೂರುವುದು, ಎದುರಿಗಿರುವವರ ನೋವು ಕಾಣದೇ ಹೋಗುವುದು. ಥೆರಪಿ ಶುರುವಾದ ಮೇಲೆ ನಿಮ್ಮ ಮನೆಯವರಿಗೆ, ಗೆಳೆಯರಿಗೆ ನಿಮ್ಮ ಜೊತೆ ಇರುವುದು ಸುಲಭವಾಗಿದೆಯಾ ಎಂದು ಆಗಾಗ ಕೇಳಿ. ಕೆಲವು ತಿಂಗಳು ಕಷ್ಟವಾಗಬಹುದು. ಸುಮ್ಮನಿದ್ದವರು ಮಾತಾಡಲು ಕಲಿತಾಗ ಮನೆ ಅಲ್ಲಾಡುತ್ತದೆ. ಅದು ಮುಗಿಯದೇ ಹೋದರೆ ಥೆರಪಿಸ್ಟ್ ಜೊತೆ ಆ ವಿಷಯ ಎತ್ತಿ.

ಶಿಬಿರಕ್ಕೆ ಹೋಗುವ ಮುಂಚೆ

ಧ್ಯಾನದಿಂದ ಒಳ್ಳೆಯದೇ ಆಗುತ್ತದೆ, ಕೆಟ್ಟದ್ದು ಆಗುವುದೇ ಇಲ್ಲ ಎಂಬ ನಂಬಿಕೆ ಇದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿಲೋಬಿ ಬ್ರಿಟನ್ ಮತ್ತು ಜೊತೆಗಾರರು ಅನುಭವಿ ಧ್ಯಾನಿಗಳನ್ನು, ಧ್ಯಾನ ಕಲಿಸುವವರನ್ನು ಕೂರಿಸಿ ಮಾತಾಡಿಸಿ, 2017ರಲ್ಲಿ ಅಧ್ಯಯನ ಪ್ರಕಟಿಸಿದರು. ಹೆದರಿಕೆ, ನಿದ್ದೆ ಬಾರದಿರುವುದು, ಹಳೇ ಆಘಾತ ಮರುಕಳಿಸುವುದು, ತಾನು ತಾನಲ್ಲ ಎನಿಸುವುದು, ಇವೆಲ್ಲ ಅಲ್ಲಿ ದಾಖಲಾಗಿವೆ. ಎಲ್ಲರಿಗೂ ಆಗುತ್ತದೆ ಎಂದಲ್ಲ. ಆದರೆ ಆಗುವುದುಂಟು.

ಎಸ್. ಎನ್. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಸ್ಸನ ಶಿಬಿರವನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ 4ಕ್ಕೆ ಎದ್ದು, ದಿನಕ್ಕೆ ಸುಮಾರು 10 ಗಂಟೆ ಧ್ಯಾನ, ಪೂರ್ತಿ ಮೌನ. ಜೊತೆಯ ಶಿಬಿರಾರ್ಥಿಗಳೊಡನೆ ಮಾತಿಲ್ಲ, ಫೋನ್ ಇಲ್ಲ. ಗಟ್ಟಿ ಮನಸ್ಸಿಗೆ ಇದು ವರ. ಆಗಷ್ಟೇ ಹತ್ತಿರದವರನ್ನು ಕಳೆದುಕೊಂಡವರಿಗೆ, ತೀವ್ರ ಖಿನ್ನತೆ ಇರುವವರಿಗೆ, ಬೈಪೋಲಾರ್ (ಮನಸ್ಸು ಅತಿ ಹುರುಪಿಗೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ) ಅಥವಾ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಭ್ರಮೆ ಕಾಡುವ ಕಾಯಿಲೆ) ಬಂದು ಹೋದವರಿಗೆ ಇದು ಭಾರವಾಗಬಹುದು. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳುತ್ತಾರೆ. ಸೀಟು ಸಿಗುವುದಿಲ್ಲ ಎಂದು ಸುಳ್ಳು ಬರೆಯಬೇಡಿ. ಶಿಬಿರದ ನೆಪದಲ್ಲಿ ಮಾತ್ರೆ ನಿಲ್ಲಿಸಲೇಬೇಡಿ. ನಿಲ್ಲಿಸುವುದಿದ್ದರೆ ಬರೆದುಕೊಟ್ಟ ವೈದ್ಯರ ಜೊತೆ ಕೂತು, ನಿಧಾನವಾಗಿ.

ನನ್ನ ಸಲಹೆ ಹೀಗಿದೆ. ಮೊದಲು ಮನೆಯಲ್ಲಿ ದಿನಾ 15-20 ನಿಮಿಷ, ಎರಡು ಮೂರು ತಿಂಗಳು. ಆಮೇಲೆ ಹೊಸಬರನ್ನೂ ಸೇರಿಸಿಕೊಳ್ಳುವ ಕಡೆ ಒಂದು ದಿನದ ಶಿಬಿರ. ನಂತರ ಮೂರು ದಿನದ್ದು. ಆಮೇಲೆ ಹತ್ತು ದಿನ. ದೊಡ್ಡ ಶಿಬಿರಕ್ಕೆ ಹೋಗುವ ಮುಂಚೆ ಥೆರಪಿಸ್ಟ್‌ಗೆ ತಿಳಿಸಿ, ಬಂದ ವಾರವೇ ಒಂದು ಸೆಷನ್ ಗೊತ್ತು ಮಾಡಿಕೊಳ್ಳಿ. ಕಣ್ಣು ಮುಚ್ಚಿದರೆ ಹೆದರಿಕೆ ಆಗುವವರು ಕಣ್ಣು ಅರ್ಧ ತೆರೆದು, ನೆಲದ ಮೇಲಿನ ಒಂದು ಜಾಗ ನೋಡುತ್ತಾ ಕೂರಬಹುದು. ನಡೆಯುತ್ತಾ ಪಾದದ ಸ್ಪರ್ಶ ಗಮನಿಸುವುದೂ ಧ್ಯಾನವೇ.

ವಿಚಿತ್ರ ಅನುಭವ ಆದರೆ

ಕಾಶ್ಮೀರದ ಗೋಪಿ ಕೃಷ್ಣ 1937ರಲ್ಲಿ ಧ್ಯಾನದಲ್ಲಿ ಕೂತಾಗ ಬೆನ್ನುಹುರಿಯಿಂದ ಬೆಳಕು ಮೇಲೇರಿದ ಅನುಭವ ಪಡೆದರು. ಅದರ ಹಿಂದೆಯೇ ವರ್ಷಗಟ್ಟಲೆ ಮೈಯುರಿ, ನಿದ್ದೆಗೇಡು, ಭಯದಲ್ಲಿ ನರಳಿದರು. 1896ರಲ್ಲಿ ಮದುರೆಯಲ್ಲಿ 16ರ ಹುಡುಗ ವೆಂಕಟರಾಮನ್‌ಗೆ ಸಾವೇ ಬಂದಂತೆ ಭಯವಾಯಿತು. ಮುಂದೆ ಅವರನ್ನು ಲೋಕ ರಮಣ ಮಹರ್ಷಿ ಎಂದು ಕರೆಯಿತು. ಅಂದರೆ ಇಂಥ ಅನುಭವವನ್ನೆಲ್ಲ ಕಾಯಿಲೆ ಎಂದು ತಳ್ಳುವಂತಿಲ್ಲ, ಎಲ್ಲವನ್ನೂ ಜಾಗೃತಿ ಎಂದು ಹೊಗಳುವಂತೆಯೂ ಇಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಕೂಡ 1994ರ ಆವೃತ್ತಿಯಲ್ಲಿ 'ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ' ಎಂಬುದನ್ನು ಕಾಯಿಲೆ ಅಲ್ಲದ ವರ್ಗವಾಗಿ ಸೇರಿಸಿತು. ನಮ್ಮ ಕಡೆ ಜಾತ್ರೆ, ಕೋಲಗಳಲ್ಲಿ ಮೈಮೇಲೆ ದೇವರು ಬರುವುದೂ ಹಾಗೆಯೇ. ಸಮುದಾಯ ಒಪ್ಪಿದ ಆಚರಣೆಯೊಳಗೆ ಬಂದು, ಅಲ್ಲೇ ಇಳಿದು, ಮಾರನೇ ದಿನ ಆ ವ್ಯಕ್ತಿ ಹೊಲಕ್ಕೋ ಅಂಗಡಿಗೋ ಹೋದರೆ ಅದನ್ನು ಕಾಯಿಲೆ ಎನ್ನುವುದಿಲ್ಲ.

ನಿಮಗೋ ಮನೆಯವರಿಗೋ ಏನಾದರೂ ಆದರೆ ಮೊದಲು ತೀವ್ರ ಸಾಧನೆ ನಿಲ್ಲಿಸಿ. ಉಪವಾಸ ಬೇಡ. ಬಿಸಿ ಊಟ ಮಾಡಿ. ಹೊರಗೆ ನಡೆದಾಡಿ. ಪಾತ್ರೆ ತೊಳೆಯಿರಿ, ತೋಟದಲ್ಲಿ ಮಣ್ಣು ಮುಟ್ಟಿ. ನಿದ್ದೆಗೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡಿ. ನಂಬಿಕೆಯವರೊಬ್ಬರು ಜೊತೆಗಿರಲಿ.

ಕೆಲವು ಲಕ್ಷಣ ಕಂಡರೆ ಕಾಯಬೇಡಿ, ಸೈಕಿಯಾಟ್ರಿಸ್ಟ್ ಹತ್ತಿರ ಕರೆದುಕೊಂಡು ಹೋಗಿ. ಎರಡು ಮೂರು ರಾತ್ರಿ ನಿದ್ದೆಯೇ ಇಲ್ಲದಿದ್ದರೂ ಸುಸ್ತಾಗದೆ ಹುರುಪು ಏರುತ್ತಲೇ ಹೋಗುವುದು. ಲೋಕ ಉದ್ಧಾರಕ್ಕೆ ನನ್ನನ್ನೇ ಆರಿಸಿದ್ದಾರೆ ಎಂದು ದುಡ್ಡು, ಒಡವೆ ಹಂಚುವುದು. ಇದು ಮಾಡು ಅದು ಮಾಡು ಎಂದು ಆಜ್ಞೆ ಮಾಡುವ ದನಿ ಕೇಳುವುದು. ಊಟ ನೀರು ಬಿಡುವುದು. 'ದೇಹ ತ್ಯಾಗ' ಎಂಬ ಮಾತು ಬರುವುದು. ಆಗ ಮನೆಯವರು 'ನಿನಗೆ ಹುಚ್ಚು ಹಿಡಿದಿದೆ' ಅನ್ನಬೇಡಿ. 'ನಿನಗೆ ಆದದ್ದು ದೊಡ್ಡದೇ ಇರಬಹುದು, ಆದರೆ ಮೈಗೆ ನಿದ್ದೆ ಬೇಕಲ್ವಾ, ಅದಕ್ಕೆ ಡಾಕ್ಟರ ಹತ್ತಿರ ಹೋಗಿ ಬರೋಣ' ಎಂದರೆ ಒಪ್ಪುವ ಸಾಧ್ಯತೆ ಹೆಚ್ಚು. ಸಾಯುವ ಮಾತು ಬಂದಿದ್ದರೆ ಒಬ್ಬರನ್ನೇ ಬಿಡಬೇಡಿ, 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಎದ್ದು ಬರಬೇಕಾದ ಜಾಗಗಳು

ಗುರುವಾಗಲಿ ಥೆರಪಿಸ್ಟ್ ಆಗಲಿ, ಒಂದೇ ಅಳತೆ. ಮನೆಯವರಿಂದ, ಗೆಳೆಯರಿಂದ ದೂರ ಮಾಡಲು ನೋಡಿದರೆ, ಪ್ರಶ್ನೆ ಕೇಳಿದ್ದಕ್ಕೆ 'ನಿನ್ನ ಅಹಂಕಾರ' ಎಂದು ಬಾಯಿ ಮುಚ್ಚಿಸಿದರೆ, ಔಷಧಿ ಬಿಡಿಸಿದರೆ, ಮೈ ಮುಟ್ಟಿದರೆ, ಗುಟ್ಟಾಗಿಡು ಎಂದರೆ ಎದ್ದು ಬನ್ನಿ. ಕಾರಣ ಹೇಳಬೇಕಿಲ್ಲ.

ಥೆರಪಿ ಮುಗಿಸುವುದು

ಥೆರಪಿಗೆ ಕೊನೆ ಇದೆ. ಆತಂಕಕ್ಕೆ ಕೊಡುವ, ಯೋಚನೆ ಮತ್ತು ನಡವಳಿಕೆಯ ರೂಢಿ ಬದಲಿಸುವ ಸಿಬಿಟಿಯಂಥ ಕ್ರಮಗಳು ಸಾಮಾನ್ಯವಾಗಿ 6ರಿಂದ 20 ಸೆಷನ್‌ಗಳಲ್ಲಿ ಮುಗಿಯುತ್ತವೆ. ಬಾಲ್ಯದ ಆಳದ ಗಾಯಗಳಿಗೆ ವರ್ಷವೇ ಬೇಕಾಗಬಹುದು. ಶುರುವಿನಲ್ಲಿ ಬರೆದ ಹಾಳೆಯನ್ನು ಮೂರು ತಿಂಗಳಿಗೊಮ್ಮೆ ಥೆರಪಿಸ್ಟ್ ಜೊತೆ ಕೂತು ನೋಡಿ, ಏನು ಕಡಿಮೆಯಾಯಿತು, ಏನು ಉಳಿಯಿತು ಎಂದು ಮಾತಾಡಿ. ಸಾಕು ಅನಿಸಿದಾಗ ಮೆಸೇಜ್ ಹಾಕಿ ಮಾಯವಾಗಬೇಡಿ. ಎರಡು ಮೂರು ಸೆಷನ್ ಮುಂಚೆಯೇ ಹೇಳಿ. ಬೀಳ್ಕೊಡುಗೆ ಸರಿಯಾಗಿ ಆಗದೇ ಹೋದ ಸಂಬಂಧಗಳು ನಮ್ಮಲ್ಲಿ ಬಹಳ ಜನರಿಗೆ ಇವೆ. ಇದೊಂದಾದರೂ ಸರಿಯಾಗಿ ಮುಗಿಯಲಿ. ಮುಂದೆ ಸಾಧನೆಯಲ್ಲಿ ಏನಾದರೂ ಕದಡಿದರೆ ಮತ್ತೆ ಬರಬಹುದಾ ಎಂದು ಕೊನೆಯ ಸೆಷನ್‌ನಲ್ಲೇ ಕೇಳಿ, ಅವರ ಫೋನ್ ನಂಬರನ್ನು ಮನೆಯಲ್ಲಿ ಇನ್ನೊಬ್ಬರಿಗೂ ಕೊಟ್ಟಿಡಿ.